ಕ್ರೀಟ್ ದ್ವೀಪಕ್ಕೆ ಅಪ್ಪ-ಅಮ್ಮನ ಜೊತೆ 7 ದಿನ: ಹೋಗಿಬಂದವರು ಹೇಳ್ತೀರಾ?

ಮ್ಯೂನಿಕ್ ಮಗಳು:
ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಅಪ್ಪ-ಅಮ್ಮ ಬಂದಿದ್ದಾರೆ. ಜೂನ್ ಕೊನೆಯ ವಾರ ಎಲ್ಲರೂ ಸೇರಿ ಗ್ರೀಸ್‌ನ ಕ್ರೀಟ್‌ಗೆ ಹೋಗೋಣ ಅಂತಿದ್ದೇವೆ. ನಾವಿಬ್ಬರು, 5 ವರ್ಷದ ಮಗಳು, ಅಪ್ಪ-ಅಮ್ಮ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಜಾಸ್ತಿ ಹತ್ತೋಕೆ ಆಗಲ್ಲ. ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನಲ್ಲ. ಚಾನಿಯಾದಲ್ಲಿ ಉಳಿಯೋದಾ, ಹೆರಾಕ್ಲಿಯನ್‌ನಲ್ಲಾ? ಕಾರು ಬೇಕೇ ಬೇಕಾ?

ಎತ್ತಿನಗಾಡಿ, ಸ್ಟುಟ್‌ಗಾರ್ಟ್:
ಕಾರು ಬೇಕು. ಆದರೆ ಅದರಲ್ಲಿ ಬಾಲೋಸ್ ಕಡಲತೀರಕ್ಕೆ ಮಾತ್ರ ಹೋಗಬೇಡಿ. ಕೈಮುಗಿದು ಹೇಳ್ತೀನಿ.

ನಾವು ಹೋಗಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಸಣ್ಣ ಕಾರು, 7 ದಿನಕ್ಕೆ 294 ಯೂರೋ. 'ಪೂರ್ತಿ ವಿಮೆ' ಅಂತ ಇನ್ನೂ 91 ಕೊಟ್ಟೆ. ಕಲಿವಿಯಾನಿ ಅನ್ನುವ ಹಳ್ಳಿ ದಾಟಿದ ಮೇಲೆ ಬಾಲೋಸ್‌ವರೆಗೆ ಸುಮಾರು 8 ಕಿ.ಮೀ. ಮಣ್ಣುರಸ್ತೆ. ಎಡಕ್ಕೆ ಗುಡ್ಡ, ಬಲಕ್ಕೆ ಸಮುದ್ರ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕಲ್ಲ, ಹೋಗುವಾಗ ಅಂಚಿನಲ್ಲಿ ಇರೋದು ನಾವೇ. ರಸ್ತೆ ತುಂಬಾ ಚೂಪು ಕಲ್ಲು. ಐದನೇ ಕಿಲೋಮೀಟರ್‌ನಲ್ಲಿ ಮುಂದಿನ ಬಲಗಡೆ ಟೈರ್ ಹೋಯಿತು. ಡಿಕ್ಕಿ ತೆಗೆದು ನೋಡಿದರೆ ಸ್ಟೆಪ್ನಿ ಇಲ್ಲ, ಗೋಂದಿನ ಬಾಟಲಿ ಇದೆ. ಟೈರ್‌ನ ಪಕ್ಕದಲ್ಲಿ ನನ್ನ ಹೆಬ್ಬೆರಳು ಹೋಗುವಷ್ಟು ಹರಿದಿತ್ತು. ಹಾಕಿದ ಗೋಂದೆಲ್ಲ ಬಿಳಿ ನೊರೆಯಾಗಿ ಹೊರಗೆ ಬಂತು.

ಎರಡು ಗಂಟೆ ನಲವತ್ತು ನಿಮಿಷ ಬಿಸಿಲಲ್ಲಿ ಕಾದೆವು. ಎಳೆದುಕೊಂಡು ಹೋಗೋಕೆ 170. ಒಂದೇ ಟೈರ್ ಹಾಕಲ್ಲ, ಜೋಡಿ ಹಾಕಬೇಕು ಅಂತ 206. ತಳ ಉಜ್ಜಿದೆ ಅಂತ 340. ಒಟ್ಟು 716 ಯೂರೋ. ವಿಮೆ ಕೇಳಿದರೆ ಕರಾರಿನ ನಾಲ್ಕನೇ ಪುಟ ತೋರಿಸಿದರು. ಟೈರ್ ಮತ್ತು ತಳಭಾಗ ವಿಮೆಗೆ ಸೇರಲ್ಲ, ಮಣ್ಣುರಸ್ತೆಯಲ್ಲಿ ಹೋದರೆ ಯಾವುದೂ ಸೇರಲ್ಲ. ಕಾರ್ಡ್‌ನಲ್ಲಿ ಹಿಡಿದಿಟ್ಟಿದ್ದ 900 ಯೂರೋ ಬಿಡೋಕೆ 47 ದಿನ ತಗೊಂಡರು. ಹೆಂಡತಿ ಮೊದಲೇ ಬೇಡ ಅಂದಿದ್ದಳು. ಅವತ್ತು ರಾತ್ರಿ ಒಂದು ಮಾತೂ ಆಡಲಿಲ್ಲ. ಬಾಲೋಸ್ ಹೇಗಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಹುಬ್ಬಳ್ಳಿ ಅಕ್ಕ, ಐಂಡ್‌ಹೋವನ್:
ಬಾಲೋಸ್‌ಗೆ ದೋಣಿ ಇದೆ ರೀ, ಕಿಸ್ಸಾಮೋಸ್ ಬಂದರಿನಿಂದ. ನಾವು ಜುಲೈನಲ್ಲಿ ಹೋಗಿದ್ವಿ. ಜುಲೈ-ಆಗಸ್ಟ್‌ನಲ್ಲಿ ಉತ್ತರದಿಂದ ಮೆಲ್ತೇಮಿ ಅಂತ ಗಾಳಿ ಬೀಸುತ್ತೆ. ಮೊದಲನೇ ದಿನ ಗಾಳಿ ಜಾಸ್ತಿ ಅಂತ ದೋಣಿ ಬಿಡಲಿಲ್ಲ. ಬೆಳಗಿನ ಐದೂವರೆಗೆ ಮಕ್ಕಳನ್ನು ಎಬ್ಬಿಸಿ, 6 ಚಪಾತಿ ರೋಲ್ ಕಟ್ಟಿಕೊಂಡು ಬಂದವರು ಬಂದರಿನಲ್ಲೇ ಕೂತು ತಿಂದು ವಾಪಸ್ ಹೋದ್ವಿ. ಮರುದಿನ ಬಿಟ್ಟರು. ಮಗ ಮೂರು ಸಲ ವಾಂತಿ ಮಾಡಿದ. ಮೊದಲು ಗ್ರಾಮ್‌ವೂಸಾ ದ್ವೀಪದಲ್ಲಿ ನಿಲ್ಲಿಸುತ್ತಾರೆ. ಮೇಲೆ ವೆನಿಸ್‌ನವರ ಕೋಟೆ. ಯಜಮಾನರು ಹತ್ತಿದರು, ನಾನು ಕೆಳಗೆ ಮಗನ ತಲೆ ಒರೆಸುತ್ತಾ ಕೂತೆ.

ಆದರೆ ಬಾಲೋಸ್‌ನಲ್ಲಿ ಇಳಿದ ಮೇಲೆ ಎಲ್ಲ ಮರೆತುಹೋಯಿತು. ತುಂಬಾ ದೂರದವರೆಗೂ ನೀರು ಮೊಣಕಾಲಿನ ಮೇಲೆ ಬರಲ್ಲ. ಬೆಚ್ಚಗಿರುತ್ತೆ. ವಾಂತಿ ಮಾಡಿದ ಹುಡುಗ ಎರಡು ಗಂಟೆ ನೀರಿನಿಂದ ಎದ್ದೇ ಬರಲಿಲ್ಲ. ನೆರಳು ಮಾತ್ರ ಇಲ್ಲ, ಛತ್ರಿ ನೀವೇ ಒಯ್ಯಿರಿ.

ಎತ್ತಿನಗಾಡಿಯವರೇ, ಬೇಜಾರು ಮಾಡಿಕೊಳ್ಳಬೇಡಿ. ಆ ರಸ್ತೆಯ ವಿಷಯ ಎಲ್ಲ ಕಡೆ ಬರೆದಿದ್ದಾರೆ. ಕರಾರು ಓದದೆ ಸಹಿ ಹಾಕಿ, ಆಮೇಲೆ ಕಾರಿನವರನ್ನು ಬೈದರೆ ಏನು ಬಂತು?

ಎತ್ತಿನಗಾಡಿ:
ಅಕ್ಕಾ, ನಮ್ಮ ವಿಮಾನ ಇಳಿದಿದ್ದು ರಾತ್ರಿ 11:40ಕ್ಕೆ. ಎರಡು ಮಕ್ಕಳು ಸೂಟ್‌ಕೇಸ್ ಮೇಲೆ ಮಲಗಿಬಿಟ್ಟಿದ್ದವು. ಆ ಹೊತ್ತಲ್ಲಿ ನಾಲ್ಕನೇ ಪುಟದ ಸಣ್ಣ ಅಕ್ಷರ ನೀವು ಓದುತ್ತಿದ್ರಾ? ಕೌಂಟರ್‌ನಲ್ಲಿ ಇದ್ದವರು ಬಾಯಿಬಿಟ್ಟು 'ಪೂರ್ತಿ' ಅಂದರು. ನಾನು ಬರೆದಿದ್ದು ಇನ್ನೊಬ್ಬರು ಮೋಸ ಹೋಗದಿರಲಿ ಅಂತ, ಬುದ್ಧಿ ಹೇಳಿಸಿಕೊಳ್ಳೋಕೆ ಅಲ್ಲ.

ಕುಮಾರಪರ್ವತ78:
ಕ್ರೀಟ್‌ಗೆ ಹೋಗಿ ಸಮರಿಯಾ ಕಣಿವೆ ನಡೆಯದೆ ಬಂದರೆ ಹೋದಂಗೇ ಅಲ್ಲ. ನನಗೆ ಆಗ 51 ವರ್ಷ. 16 ಕಿ.ಮೀ. ಮೇಲೆ ಓಮಾಲೋಸ್‌ನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿ ಶುರುವಾಗಿ ಲಿಬಿಯನ್ ಸಮುದ್ರದ ದಡದಲ್ಲಿ ಮುಗಿಯುತ್ತದೆ. ಇಳಿಯೋದೇ ತಾನೆ ಅಂದುಕೊಂಡಿದ್ದೆ. ಕುಮಾರಪರ್ವತ ನಾಲ್ಕು ಸಲ ಹತ್ತಿದವನು ನಾನು. ಇಲ್ಲಿ ಮೊದಲ ಒಂದು ಗಂಟೆಯ ಇಳಿಜಾರಿನಲ್ಲೇ ತೊಡೆ ನಡುಗೋಕೆ ಶುರುವಾಯಿತು. ಆಮೇಲೆ ಪೂರ್ತಿ ಉರುಟು ಕಲ್ಲು. ಒಂಬತ್ತನೇ ಕಿಲೋಮೀಟರ್‌ನಲ್ಲಿ ಎಡಗಾಲಿನ ಬೂಟಿನ ಅಟ್ಟೆ ಕಿತ್ತುಬಂತು. 140 ಯೂರೋ ಬೂಟು. ಲುಂಗಿ ಹರಿದು ಕಟ್ಟಿಕೊಂಡು ಉಳಿದ 7 ಕಿ.ಮೀ. ನಡೆದೆ.

ನಡುವೆ ಸಮರಿಯಾ ಊರೇ ಇದೆ. 1962ರಲ್ಲಿ ಕಣಿವೆಯನ್ನು ರಾಷ್ಟ್ರೀಯ ಉದ್ಯಾನ ಮಾಡಿದಾಗ ಜನ ಮನೆ ಬಿಟ್ಟು ಹೋದರು. ಕ್ರಿ-ಕ್ರಿ ಅನ್ನುವ ಕಾಡುಮೇಕೆ ಆ ಮನೆಗಳ ಹತ್ತಿರ ನಿಂತು ನನ್ನನ್ನೇ ನೋಡುತ್ತಿತ್ತು. ಕೊನೆಯಲ್ಲಿ ಕಬ್ಬಿಣದ ಬಾಗಿಲು ಅಂತ ಕರೆಯುವ ಜಾಗ. ಎರಡೂ ಕಡೆ ನೂರಾರು ಮೀಟರ್ ಬಂಡೆ, ನಡುವೆ ನಾಲ್ಕೇ ಮೀಟರ್ ದಾರಿ. ಅಲ್ಲಿ ನಿಂತು ಅತ್ತುಬಿಟ್ಟೆ. ದಣಿವಿಗೋ ಖುಷಿಗೋ ಗೊತ್ತಿಲ್ಲ.

ಕಣಿವೆ ಮುಗಿಯುವ ಆಗಿಯಾ ರೂಮೆಲಿ ಊರಿಗೆ ಕಾರು ರಸ್ತೆ ಇಲ್ಲ. ಸಂಜೆಯ ದೋಣಿ ತಪ್ಪಿದರೆ ರಾತ್ರಿ ಅಲ್ಲೇ. ನನಗೆ 12 ನಿಮಿಷದಲ್ಲಿ ಸಿಕ್ಕಿತು. ಎರಡು ಹೆಬ್ಬೆರಳಿನ ಉಗುರು ಕಪ್ಪಾಗಿ, ತಿಂಗಳ ಮೇಲೆ ಬಿದ್ದುಹೋದವು.

ಹುಬ್ಬಳ್ಳಿ ಅಕ್ಕ:
ಅವರ ಅಮ್ಮನಿಗೆ ಮಂಡಿನೋವು ಅಂತ ಮೇಲೆ ಬರೆದಿದ್ದಾರೆ. ನೀವು 16 ಕಿ.ಮೀ. ಕಣಿವೆ ಇಳೀರಿ ಅಂತೀರಲ್ಲ!

ಕುಮಾರಪರ್ವತ78:
ಅಮ್ಮ ನಡೀಲಿ ಅಂತ ನಾನೆಲ್ಲಿ ಹೇಳಿದೆ? ದೋಣಿಯಲ್ಲಿ ಆಗಿಯಾ ರೂಮೆಲಿಗೆ ಬಂದು, ಕೆಳಗಿನಿಂದ ಆದಷ್ಟು ನಡೆದು ವಾಪಸ್ ಹೋಗುವವರೂ ಇದ್ದಾರೆ. ನನ್ನ ಅನುಭವ ಬರೆದೆ, ಅಷ್ಟೇ.

ಸಾರಿನಪುಡಿ, ಬರ್ಲಿನ್:
ಊಟಕ್ಕೆ ಭಯ ಬೇಡ. ನಮ್ಮ ಅತ್ತೆ ಒಂದು ವಾರ ಚೆನ್ನಾಗಿ ಉಂಡರು. ದಾಕೋಸ್ ಕೇಳಿ. ಬಾರ್ಲಿ ರೊಟ್ಟಿಯನ್ನು ಕಲ್ಲಿನ ಹಾಗೆ ಗಟ್ಟಿಯಾಗಿ ಒಣಗಿಸಿರುತ್ತಾರೆ. ಅದನ್ನು ಸ್ವಲ್ಪ ನೀರಿಗೆ ಹಿಡಿದು, ಮೇಲೆ ತುರಿದ ಟೊಮೆಟೊ, ಮಿಜಿಥ್ರಾ ಅನ್ನುವ ಬಿಳಿ ಚೀಸ್, ಒರಿಗಾನೋ, ಕೈಬಿಚ್ಚಿ ಆಲಿವ್ ಎಣ್ಣೆ. ಐದು ನಿಮಿಷ ಬಿಟ್ಟು ತಿನ್ನಬೇಕು, ಅಂಚು ಕರುಂ ಅನ್ನುತ್ತೆ, ನಡು ಮೆತ್ತಗಾಗಿರುತ್ತೆ. ಹೋರ್ತಾ ಅಂದರೆ ಬೇಯಿಸಿದ ಸೊಪ್ಪು, ನಿಂಬೆರಸ ಹಿಂಡಿ ಕೊಡುತ್ತಾರೆ. ಅತ್ತೆ ಅದಕ್ಕೆ ಊರಿಂದ ತಂದ ಚಟ್ನಿಪುಡಿ ಉದುರಿಸಿಕೊಂಡರು. ಅಲ್ಲಿಯವರು ಉಪವಾಸದ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಬಿಡುತ್ತಾರೆ. ಆ ಊಟಕ್ಕೆ 'ನಿಸ್ತಿಸಿಮಾ' ಅನ್ನುತ್ತಾರೆ. ಹಾಗಂತ ಕೇಳಿದರೆ ತಕ್ಷಣ ಅರ್ಥ ಆಗುತ್ತೆ. ಆದರೆ ಅದರಲ್ಲಿ ಸೀಗಡಿ, ಆಕ್ಟೋಪಸ್ ನಡೆಯುತ್ತೆ, ಅವು ಬೇಡ ಅಂತ ಬೇರೆ ಹೇಳಬೇಕು.

ಇನ್ನೊಂದು, ಚಾನಿಯಾ ಅಲ್ಲ, ಹನ್ಯಾ. ಬಸ್ ನಿಲ್ದಾಣದಲ್ಲಿ ಚಾನಿಯಾ ಅಂದರೆ ಯಾರಿಗೂ ಗೊತ್ತಾಗಲ್ಲ.

ನಿತ್ಯನೇಮ:
ಚೀಸ್ ತಿನ್ನಿ ಅಂತ ಸಲೀಸಾಗಿ ಹೇಳಿಬಿಟ್ರಿ. ಮೊಟ್ಟೆಯೂ ತಿನ್ನದವರು ಅವರು. ಗ್ರಾವಿಯೆರಾದಂಥ ಚೀಸ್‌ಗೆ ಸಾಂಪ್ರದಾಯಿಕವಾಗಿ ಹಾಲು ಗಟ್ಟಿಯಾಗಲಿ ಅಂತ ಕುರಿಮರಿ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ನಾವು ಮೂರು ದಿನ ತಿಂದ ಮೇಲೆ ಗೊತ್ತಾಯಿತು. ನಮ್ಮ ತಾಯಿ ಉಳಿದ ನಾಲ್ಕು ದಿನ ಅವಲಕ್ಕಿ ಮೊಸರಿನಲ್ಲಿ ಕಳೆದರು, ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆ ನೋವು ನನಗಿನ್ನೂ ಹೋಗಿಲ್ಲ.

ಸಾರಿನಪುಡಿ:
ನಿಮ್ಮ ತಾಯಿಯವರಿಗೆ ಹಾಗಾಗಿದ್ದಕ್ಕೆ ಬೇಸರ ಆಯಿತು. ಆದರೆ ಇಲ್ಲಿ ಯೂರೋಪಿನಲ್ಲಿ ಇದ್ದುಕೊಂಡು ಪಿಜ್ಜಾ ತಿನ್ನುವವರಲ್ಲಿ ಎಷ್ಟೋ ಜನ ಅದನ್ನೇ ತಿನ್ನುತ್ತಿದ್ದಾರೆ. ಕೇಳಿದವರಿಗೆ ಬಿಡಿ, ಅವರೇ ತೀರ್ಮಾನ ಮಾಡಲಿ.

ಮಣ್ಣಿನವಾಸನೆ:
ಹೆರಾಕ್ಲಿಯನ್‌ನಲ್ಲೇ ಉಳೀರಿ ಅನ್ನುತ್ತೇನೆ. ಕ್ನೋಸೋಸ್ ಅನ್ನುವ ಪ್ರಾಚೀನ ಅರಮನೆ ಅಲ್ಲಿಂದ 5 ಕಿ.ಮೀ. ಇಂಗ್ಲಿಷ್ ಪುರಾತತ್ವಜ್ಞ ಆರ್ಥರ್ ಈವನ್ಸ್ 1900ರಲ್ಲಿ ಅಗೆಸೋಕೆ ಶುರುಮಾಡಿದ ಜಾಗ. ನನಗೆ ಅಲ್ಲಿ ಸಿಟ್ಟೇ ಬಂತು. ಕಾಂಕ್ರೀಟ್ ಸುರಿದು, ಕೆಂಪು ಬಣ್ಣ ಬಳಿದು ಕಂಬ ನಿಲ್ಲಿಸಿದ್ದಾರೆ. ಗೋಡೆಯ ಚಿತ್ರಗಳು ನಕಲು. ಹಂಪಿಯ ಕಲ್ಲು ಮುಟ್ಟಿ ಬೆಳೆದವಳು ನಾನು, ಸಹಿಸೋಕೆ ಆಗಲಿಲ್ಲ. ನಾವು ಹೋದಾಗ ಟಿಕೆಟ್ ತಲಾ 15 ಯೂರೋ, ಬಿಸಿಲಲ್ಲಿ 50 ನಿಮಿಷ ಸಾಲು.

ಆದರೆ ಊರೊಳಗಿನ ಮ್ಯೂಸಿಯಂ! ಅಸಲಿ ಚಿತ್ರಗಳೆಲ್ಲ ಅಲ್ಲಿವೆ. ಫೈಸ್ಟೋಸ್ ಬಿಲ್ಲೆ ಅಂತ ಇದೆ, 1908ರಲ್ಲಿ ಸಿಕ್ಕಿದ್ದು. ಸುಟ್ಟ ಮಣ್ಣಿನದು, ಅಡ್ಡಗಲ 16 ಸೆಂ.ಮೀ., ಪೂರಿಯಷ್ಟೇ ಅನ್ನಿ. ಎರಡೂ ಮೈಮೇಲೆ ಸುರುಳಿಯಾಗಿ ಅಚ್ಚು ಒತ್ತಿದ್ದಾರೆ. ಗರಿ ಸಿಕ್ಕಿಸಿದ ತಲೆ, ಮೀನು, ಹೂವು. ಇವತ್ತಿನವರೆಗೂ ಓದಲಾಗಿಲ್ಲ. ಇಪ್ಪತ್ತು ನಿಮಿಷ ಅದರ ಮುಂದೆ ನಿಂತಿದ್ದೆ. ಒಳಗೆ ಏಸಿ ಇದೆ, ಅಮ್ಮನವರಿಗೂ ಕಷ್ಟ ಆಗಲ್ಲ.

ಹುಬ್ಬಳ್ಳಿ ಅಕ್ಕ:
ನನಗೆ ಕ್ನೋಸೋಸ್ ಇಷ್ಟ ಆಯಿತು. ಈವನ್ಸ್ ಕಟ್ಟಿಸದೆ ಇದ್ದಿದ್ದರೆ ನನ್ನಂಥವರಿಗೆ ಅಲ್ಲಿ ಬರೀ ಕಲ್ಲಿನ ರಾಶಿ. ಮಕ್ಕಳಿಗೆ 'ಇಲ್ಲಿ ರಾಜ ಕೂರುತ್ತಿದ್ದ' ಅಂತ ತೋರಿಸೋಕೆ ಏನಾದರೂ ಬೇಕಲ್ವಾ?

ಮಣ್ಣಿನವಾಸನೆ:
ರಾಜ ಕೂರುತ್ತಿದ್ದ ಅಂತ ಹೇಳಿದ್ದೂ ಈವನ್ಸೇ. ಸಾಕ್ಷಿ ಇಲ್ಲದ್ದನ್ನು ಸಿಮೆಂಟಿನಲ್ಲಿ ಕಟ್ಟಿದರೆ ಮಕ್ಕಳು ಅದನ್ನೇ ನಿಜ ಅಂತ ನಂಬುತ್ತಾರೆ. ಪಾಠ ಮಾಡುವವಳು ನಾನು, ಇದನ್ನು ಬಿಟ್ಟುಕೊಡಲ್ಲ.

ಪೂರ್ವದಿಕ್ಕು:
ಯಾಕೆ ಎಲ್ಲರೂ ಪಶ್ಚಿಮಕ್ಕೇ ಓಡುತ್ತೀರಿ? ದ್ವೀಪದ ಉದ್ದ ಸುಮಾರು 260 ಕಿ.ಮೀ. ನಕ್ಷೆಯಲ್ಲಿ ಚಿಕ್ಕದಾಗಿ ಕಂಡರೂ ಹೆರಾಕ್ಲಿಯನ್‌ನಿಂದ ಹನ್ಯಾಕ್ಕೆ 140 ಕಿ.ಮೀ., ಎರಡೂವರೆ ಗಂಟೆ ಬೇಕು. ನಾವು ಪೂರ್ವದ ಎಲೂಂಡಾದಲ್ಲಿ ಉಳಿದೆವು. ಎದುರಿಗೇ ಸ್ಪಿನಾಲೋಂಗಾ. ವೆನಿಸ್‌ನವರು ಕೋಟೆ ಕಟ್ಟಿದ ಪುಟ್ಟ ದ್ವೀಪ. 1903ರಿಂದ 1957ರವರೆಗೆ ಕುಷ್ಠರೋಗಿಗಳನ್ನು ಅಲ್ಲಿ ಇಟ್ಟಿದ್ದರು. ಒಳಗೆ ಹೋಗುವ ಸುರಂಗದಲ್ಲಿ ಅಪ್ಪ ನಿಂತುಬಿಟ್ಟರು. ಅವರ ದೊಡ್ಡಪ್ಪನಿಗೆ ಆ ಕಾಯಿಲೆ ಇತ್ತು, ಊರ ಹೊರಗೆ ಗುಡಿಸಲು ಹಾಕಿಕೊಟ್ಟಿದ್ದರು ಅಂತ ಅವತ್ತು ಮೊದಲ ಸಲ ನನಗೆ ಹೇಳಿದರು. ಬೀಗ ಹಾಕಿದ ಒಂದು ಮನೆಯ ಕಿಟಕಿಯ ನೀಲಿ ಬಣ್ಣ ಸುಲಿದಿತ್ತು. ಅದನ್ನು ಬೆರಳಲ್ಲಿ ಸವರುತ್ತಾ ಹೇಳಿದರು. ಇಡೀ ಪ್ರವಾಸದಲ್ಲಿ ನನ್ನ ಜೊತೆ ಉಳಿದಿದ್ದು ಅದೊಂದೇ.

ಜಯನಗರ ನಾಲ್ಕನೇ ಬ್ಲಾಕ್:
ನೀವೆಲ್ಲ ಅಲ್ಲೇ ಇರುವವರು, ಮೂರು ಗಂಟೆ ವಿಮಾನ ಹತ್ತಿದರೆ ಆಯಿತು. ಬೆಂಗಳೂರಿನಿಂದ ಹೋದವರ ಪಾಡು ಕೇಳಿ. ವೀಸಾ ತಲಾ 90 ಯೂರೋ, ನಾಲ್ಕು ಜನಕ್ಕೆ 360, ಸೇವಾಶುಲ್ಕ ಬೇರೆ. ಅಷ್ಟೆಲ್ಲ ಆಗಿ ಇಳಿದರೆ ಕಾರಿನವರು ಅಂತರರಾಷ್ಟ್ರೀಯ ಪರವಾನಗಿ ಎಲ್ಲಿ ಅಂತ ಕೇಳಿದರು. ಭಾರತದ ಲೈಸೆನ್ಸ್ ಜೊತೆ ಅದೂ ಬೇಕು. ಆರ್‌ಟಿಒದಲ್ಲಿ ಮಾಡಿಸುವ ಕೆಲಸ, ನಾನು ಮಾಡಿಸಿರಲಿಲ್ಲ. ಕಟ್ಟಿದ್ದ 268 ಯೂರೋ ವಾಪಸ್ ಬರಲಿಲ್ಲ. ಆದರೆ ಉತ್ತರದ ಊರುಗಳ ಮಧ್ಯೆ ಬಸ್ಸು ಚೆನ್ನಾಗಿದೆ. ಕೆಟಿಇಎಲ್ ಅಂತ ಹೆಸರು. ನಾಲ್ಕು ಜನ ಆರು ದಿನ ಅದರಲ್ಲೇ ಓಡಾಡಿದೆವು. ಕಾರು ಬೇಕೇ ಬೇಕು ಅನ್ನೋದು ಸುಳ್ಳು.

ಎತ್ತಿನಗಾಡಿ:
ಸುಳ್ಳು ಅನ್ನಬೇಡಿ ಸಾರ್. ಐದು ವರ್ಷದ ಮಗು, ಮಂಡಿನೋವಿನ ಅಮ್ಮ. ಬಸ್ ನಿಲ್ದಾಣದಿಂದ ಸಮುದ್ರಕ್ಕೆ ಯಾರು ಎತ್ತಿಕೊಂಡು ಹೋಗ್ತಾರೆ?

ಜಯನಗರ ನಾಲ್ಕನೇ ಬ್ಲಾಕ್:
ನಮ್ಮ ಜೊತೆ 74 ವರ್ಷದ ಮಾವ ಇದ್ದರು. ಅವರು ಬಸ್ಸಿನಲ್ಲೇ ಬಂದರು. 716 ಯೂರೋ ಯಾರಿಗೂ ಕೊಡಲಿಲ್ಲ.

ಮ್ಯೂನಿಕ್ ಮಗಳು:
ದಯವಿಟ್ಟು ಜಗಳ ಬೇಡ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯಜಮಾನರ ಜೊತೆ ಕೂತು ಎಲ್ಲ ಓದಿದೆ. ರೆಥಿಮ್ನೋ ಎರಡೂ ಊರಿನ ಮಧ್ಯೆ ಇದೆ, ಅಲ್ಲೇ ನೆಲಮಹಡಿಯ ಮನೆ ಬುಕ್ ಮಾಡಿದೆವು. ಕಾರು ಮೂರೇ ದಿನಕ್ಕೆ, ಡಾಂಬರು ರಸ್ತೆಗೆ ಮಾತ್ರ. ಸ್ಪಿನಾಲೋಂಗಾ ವಿಷಯ ಅಪ್ಪನಿಗೆ ಓದಿ ಹೇಳಿದೆ, ನೋಡಲೇಬೇಕು ಅಂದರು. ಅಮ್ಮ ಕುಕ್ಕರ್ ಒಯ್ಯೋಣ ಅಂತಿದ್ದಾರೆ. ಚೆಕ್-ಇನ್ ಲಗೇಜಿನಲ್ಲಿ ಬಿಡ್ತಾರಲ್ವಾ?

ಸಾರಿನಪುಡಿ:
ನಮಗೆ ಬಿಟ್ಟರು. ಆದರೆ ಆ ಮನೆಯ ಒಲೆ ಯಾವುದು ಅಂತ ಈಗಲೇ ಕೇಳಿ. ನಮ್ಮದು ಅಲ್ಯೂಮಿನಿಯಂ ಕುಕ್ಕರ್, ಅಲ್ಲಿದ್ದಿದ್ದು ಇಂಡಕ್ಷನ್ ಒಲೆ. ಬಿಸಿಯೇ ಆಗಲಿಲ್ಲ. ಸ್ಟೀಲಿನದಾದರೆ ಅಡಿಯಲ್ಲಿ ಫ್ರಿಡ್ಜ್ ಮೇಲಿನ ಮ್ಯಾಗ್ನೆಟ್ ಅಂಟುತ್ತಾ ನೋಡಿ, ಅಂಟಿದರೆ ಒಯ್ಯಿರಿ.