ಜುಲೈಯಲ್ಲಿ ಜಿವೆರ್ನಿಯ ಮೊನೆ ಮನೆ: ಮೊದಲು ಮನೆಯೋ, ಕೊಳವೋ?

ಪ್ರಶ್ನೆ:
ಜುಲೈ ನಡುವಿನಲ್ಲಿ ಪ್ಯಾರಿಸ್‌ಗೆ ಹೋಗುವಾಗ ಒಂದು ದಿನವನ್ನು ಜಿವೆರ್ನಿ ಹಳ್ಳಿಗೆಂದೇ ಮೀಸಲಿಟ್ಟಿದ್ದೇವೆ. ಚಿತ್ರಕಾರ ಕ್ಲಾಡ್ ಮೊನೆ 1883ರಿಂದ 1926ರಲ್ಲಿ ತೀರಿಕೊಳ್ಳುವವರೆಗೆ ಬಾಳಿದ ಮನೆಯನ್ನೂ ಅವರೇ ಬೆಳೆಸಿದ ತೋಟವನ್ನೂ ನೋಡಬೇಕೆಂಬುದು ನಮ್ಮ ತಾಯಿಯವರ ಬಹುಕಾಲದ ಆಸೆ. ಅವರಿಗೆ ಎಪ್ಪತ್ತು ದಾಟಿದೆ. ನಿಧಾನವಾಗಿ ನಡೆಯಬಲ್ಲರು, ಆದರೆ ಬಿಸಿಲಿನಲ್ಲಿ ಸಾಲು ನಿಲ್ಲುವುದೂ ಮೆಟ್ಟಿಲು ಹತ್ತುವುದೂ ಕಷ್ಟ. ಎಷ್ಟು ಹೊತ್ತಿಗೆ ತಲುಪಬೇಕು, ಮೊದಲು ಏನನ್ನು ನೋಡಬೇಕು ಎಂಬುದನ್ನು ಹೋಗಿಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1:
ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ, ಮೊದಲು ಮನೆಯನ್ನೇ ನೋಡಿ. ಕೋಣೆಗಳು ಚಿಕ್ಕವು, ಜನರು ಒಬ್ಬರ ಹಿಂದೊಬ್ಬರು ಸಾಗಬೇಕಾಗುತ್ತದೆ. ಹೊತ್ತೇರಿದಂತೆ ಹೊರಗಿನ ಸಾಲು ಉದ್ದವಾಗುತ್ತದೆ. ಮಹಡಿ ಹತ್ತಲಾಗದಿದ್ದರೂ ತಾಯಿಯವರು ಹಳದಿ ಬಣ್ಣದ ಊಟದ ಕೋಣೆಯನ್ನು, ಅದರ ಗೋಡೆಗಳಲ್ಲಿರುವ ಜಪಾನಿ ಮುದ್ರಣಚಿತ್ರಗಳನ್ನು, ನೀಲಿ ಹೆಂಚುಗಳ ಅಡುಗೆಮನೆಯನ್ನು ಕೆಳಗಿನಿಂದಲೇ ನೋಡಬಹುದು. ಪ್ಯಾರಿಸ್‌ನ ಸೇಂಟ್-ಲಜಾರ್ ನಿಲ್ದಾಣದಿಂದ ವೆರ್ನಾನ್‌ಗೆ ರೈಲಿದೆ. ಅಲ್ಲಿಂದ ಉಳಿದ ಸುಮಾರು ಐದು ಕಿಲೋಮೀಟರ್‌ಗೆ ಬಸ್ ಸಿಗುತ್ತದೆ. ಟಿಕೆಟನ್ನು ಮುಂಗಡವಾಗಿ ತೆಗೆದುಕೊಳ್ಳಿ.

ಉತ್ತರ 2:
ಸಾಲಿನ ಮಾತನ್ನು ಒಪ್ಪುತ್ತೇನೆ, ಆದರೂ ನಾನು ತೋಟದ ನೈದಿಲೆ ಕೊಳವನ್ನೇ ಮೊದಲು ನೋಡಿರೆಂದು ಹೇಳುತ್ತೇನೆ. ಮೊನೆ 1893ರಲ್ಲಿ ರಸ್ತೆಯಾಚೆಯ ಜಾಗವನ್ನು ಕೊಂಡು, ಎಪ್ಟ್ ನದಿಯ ಕವಲಿನ ನೀರನ್ನು ತಿರುಗಿಸಿ ಈ ಕೊಳವನ್ನು ಮಾಡಿಸಿದರು. ಅವರು ಬರೆದದ್ದು ನೈದಿಲೆಯ ಹೂವನ್ನಷ್ಟೇ ಅಲ್ಲ, ನೀರಿನ ಮೇಲೆ ಬೀಳುವ ಆಕಾಶವನ್ನು, ವಿಲ್ಲೋ ಮರದ ಜೋಲುವ ಕೊಂಬೆಗಳ ನೆರಳನ್ನು. ಗಾಳಿ ಏಳುವ ಮುನ್ನ, ಕೊಳದ ಸೇತುವೆಯ ಮೇಲೆ ಜನ ಕಿಕ್ಕಿರಿಯುವ ಮುನ್ನ ನೋಡಿದರೆ ಆ ಚಿತ್ರಗಳು ಎಲ್ಲಿಂದ ಹುಟ್ಟಿದವೆಂದು ಕಣ್ಣಿಗೇ ಗೊತ್ತಾಗುತ್ತದೆ. ಜುಲೈ ನೈದಿಲೆ ಅರಳುವ ಕಾಲ. ಹೂಗಳು ಬಿಸಿಲಿಗೆ ಬಿರಿದು ಸಂಜೆಗೆ ಮುಚ್ಚಿಕೊಳ್ಳುವುದರಿಂದ ಮಧ್ಯಾಹ್ನಕ್ಕೆ ಮೊದಲು ಇನ್ನೊಮ್ಮೆ ಕೊಳದ ಸುತ್ತ ಬನ್ನಿ. ಒಂದು ಎಚ್ಚರಿಕೆ: ಮನೆಯ ತೋಟಕ್ಕೂ ಕೊಳದ ತೋಟಕ್ಕೂ ನಡುವೆ ರಸ್ತೆಯಡಿಯ ದಾರಿಯಲ್ಲಿ ಮೆಟ್ಟಿಲುಗಳಿವೆ. ತಾಯಿಯವರ ಸ್ಥಿತಿಯನ್ನು ಪ್ರವೇಶದ್ವಾರದಲ್ಲೇ ಸಿಬ್ಬಂದಿಗೆ ತಿಳಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ತಾಯಿಯವರನ್ನೇ ಕೇಳಿದೆ, ತಡಮಾಡದೆ ಕೊಳವೆಂದರು. ಮೊನೆಯ ಮೂಲ ಚಿತ್ರಗಳೂ ಆ ಮನೆಯಲ್ಲೇ ಇವೆಯೇ?

ಉತ್ತರ 2:
ಇಲ್ಲ. ಅವರ ಚಿತ್ರಶಾಲೆಯ ಗೋಡೆ ತುಂಬ ಇರುವವು ಪ್ರತಿಕೃತಿಗಳು. ಕೊಳದ ದೊಡ್ಡ ಚಿತ್ರಗಳು ಪ್ಯಾರಿಸ್‌ನ ಒರಾಂಜರಿ ಸಂಗ್ರಹಾಲಯದಲ್ಲಿ, ಅವುಗಳಿಗೆಂದೇ ಸಿದ್ಧಪಡಿಸಿದ ಎರಡು ಅಂಡಾಕಾರದ ಕೋಣೆಗಳಲ್ಲಿ 1927ರಿಂದ ಇವೆ. ಅಲ್ಲಿ ನಡುವೆ ಕುಳಿತುಕೊಳ್ಳಲು ಆಸನಗಳಿವೆ, ಬಿಸಿಲಿನ ಕಾಟವಿಲ್ಲ. ಜಿವೆರ್ನಿಯನ್ನು ನೋಡಿದ ಮರುದಿನವೇ ತಾಯಿಯವರನ್ನು ಅಲ್ಲಿಗೆ ಕರೆದೊಯ್ಯಿರಿ. ಕೊಳದ ನೆನಪು ಹಸಿಯಾಗಿರುವಾಗಲೇ ಆ ಚಿತ್ರಗಳ ಮುಂದೆ ಅವರು ಕೂರುವಂತಾಗಲಿ.