ಸೈಟಿನಲ್ಲಿ ಕುಗ್ಗಿಹೋಗಿರುವ ಕಾರ್ಮಿಕನಿಗೆ ನೆರವಾಗುವುದು ಹೇಗೆ?

ಪ್ರಶ್ನೆ: ಸೈಟ್ ಎಂಜಿನಿಯರ್, ಬೆಂಗಳೂರು

ಸರ್ಜಾಪುರ ರಸ್ತೆಯ ವಸತಿ ಸಮುಚ್ಚಯವೊಂದರ ಕಾಮಗಾರಿಯನ್ನು ನೋಡಿಕೊಳ್ಳುತ್ತಿದ್ದೇನೆ. ಯಾದಗಿರಿ ಕಡೆಯಿಂದ ಗುಳೆ ಬಂದು ಕಂಬಿ ಕಟ್ಟುವ ತಂಡದಲ್ಲಿರುವ ಯುವಕನೊಬ್ಬ ಕೆಲವು ವಾರಗಳಿಂದ ಸರಿಯಾಗಿ ಉಣ್ಣುತ್ತಿಲ್ಲ, ರಾತ್ರಿಯೆಲ್ಲ ಶೆಡ್ಡಿನ ಹೊರಗೆ ಕುಳಿತಿರುತ್ತಾನೆ, ಕುಡಿತವೂ ಹೆಚ್ಚಾಗಿದೆ. "ನಾ ಇಲ್ಲಂದ್ರ ಮನಿಯವರಿಗಿ ಸಾಲದ ಕಾಟರೆ ತಪ್ತದ" ಎಂದು ಜೊತೆಗಾರನ ಬಳಿ ಹೇಳಿದ್ದಾನಂತೆ. ಊರಿಗೆ ಕಳುಹಿಸಿಬಿಡೋಣ ಎನ್ನುತ್ತಾರೆ ಮೇಸ್ತ್ರಿ. ಬೆಲ್ಟು ಹಾಕದೆ ಮೇಲೇರುವವನನ್ನು ತಡೆಯುವುದು ನನಗೆ ಗೊತ್ತು. ಇಂಥ ಸಂದರ್ಭದಲ್ಲಿ ಏನು ಮಾಡಬೇಕೆಂದು ನಮಗೆ ಯಾರೂ ಕಲಿಸಿಲ್ಲ. ದಯವಿಟ್ಟು ತಿಳಿಸಿ.

ಉತ್ತರ: ಆಪ್ತಸಮಾಲೋಚಕಿ

ಆ ಮಾತನ್ನು ಕುಡಿದವರ ಮಾತೆಂದು ದಯವಿಟ್ಟು ತಳ್ಳಿಹಾಕಬೇಡಿ. ಇವತ್ತೇ, ಬೇರೆಯವರ ಕಿವಿಗೆ ಬೀಳದ ಜಾಗದಲ್ಲಿ ಅವರನ್ನು ಕೂರಿಸಿಕೊಂಡು, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದಲೇ ಆ ಯೋಚನೆ ಹುಟ್ಟುತ್ತದೆಂಬ ಭಯ ಬೇಡ. ಹೌದು ಎಂದರೆ ಒಂಟಿಯಾಗಿ ಬಿಡದೆ, ಅವರು ನಂಬುವ ಜೊತೆಗಾರನೊಂದಿಗೆ ನಿಮ್ಹಾನ್ಸ್‌ನ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಹಗಲುರಾತ್ರಿ ಉಚಿತವಾಗಿ ಸಿಗುತ್ತದೆ; ನೆರವಾಗುವವರಾಗಿ ನೀವೂ ಕರೆ ಮಾಡಿ ಸಲಹೆ ಪಡೆಯಬಹುದು, ಒಡಿಶಾ ಅಥವಾ ಬಂಗಾಳದ ಕಾರ್ಮಿಕರು ತಮ್ಮ ಭಾಷೆಯಲ್ಲೇ ಮಾತನಾಡಬಹುದು.

ಕುಡಿತದ ಬಗ್ಗೆ ಒಂದು ಎಚ್ಚರಿಕೆ. ನಿತ್ಯ ಹೆಚ್ಚಾಗಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಇಲ್ಲದ್ದು ಕಂಡಂತಾಗುವ ಭ್ರಮೆ ಬರಬಹುದಾದ್ದರಿಂದ, ಹಣ ಕಸಿದುಕೊಂಡೋ ಶೆಡ್ಡಿನಲ್ಲಿ ಕೂಡಿಹಾಕಿಯೋ ಬಿಡಿಸಲು ಹೋಗಬೇಡಿ; ಅದು ವೈದ್ಯರ ನಿಗಾದಲ್ಲಿ ಆಗಬೇಕಾದ ಕೆಲಸ.

ಉತ್ತರ: ಮೇಸ್ತ್ರಿ, ರಾಯಚೂರು ಜಿಲ್ಲೆ

ಸರ್, ನಾನೂ ಗಾರೆ ಕೆಲಸದಿಂದಲೇ ಮೇಲೆ ಬಂದವನು. ಮುಂಗಡ ಪಡೆದು ಬಂದವನನ್ನು ಊರಿಗೆ ಅಟ್ಟುವುದೆಂದರೆ ಸಾಲ ಕೊಟ್ಟವನ ಬಾಗಿಲಿಗೇ ಅಟ್ಟಿದಂತೆ. ಮೊದಲು ಅವನನ್ನು ಎತ್ತರದ ಕೆಲಸದಿಂದ ಇಳಿಸಿ ಕಾಂಕ್ರೀಟಿಗೆ ನೀರುಣಿಸುವ ಕ್ಯೂರಿಂಗ್‌ಗೋ ಸ್ಟೋರಿಗೋ ಹಾಕಿರಿ, ಆದರೆ ಹಾಜರಿಯಲ್ಲಿ ಒಂದು ರೂಪಾಯಿಯನ್ನೂ ಕಡಿಯಬೇಡಿರಿ. ಬಾಯಿ ಬಿಟ್ಟಿದ್ದಕ್ಕೆ ಕೂಲಿ ಹೋಯಿತೆಂದು ತಂಡಕ್ಕೆ ಅನಿಸಿದರೆ, ಮುಂದೆ ಎಂಥ ಸಂಕಟ ಬಂದರೂ ಒಬ್ಬನೂ ನಿಮ್ಮ ಹತ್ತಿರ ಬರುವುದಿಲ್ಲ. ಬಾಕಿ ಬಟವಾಡೆ ಇದೆಯೇ, ಮುಂಗಡದ ಲೆಕ್ಕವನ್ನು ಮೇಸ್ತ್ರಿ ಅವನಿಗೆ ತೋರಿಸಿದ್ದಾರೆಯೇ ಎಂಬುದನ್ನೂ ಕೇಳಿ ನೋಡಿರಿ. ಎಷ್ಟು ತೀರಿದೆ, ಎಷ್ಟು ಉಳಿದಿದೆ ಎಂದು ತಿಳಿಯದೆ ದುಡಿಯುವುದು ಮನುಷ್ಯನನ್ನು ಒಳಗೊಳಗೇ ತಿನ್ನುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ನಿನ್ನೆ ಮಾತನಾಡಿದೆ; ಸಾಯುವ ಯೋಚನೆ ಇದೆಯೆಂದು ಒಪ್ಪಿಕೊಂಡ. ಆಗಲೇ ಅವನ ಸೋದರಮಾವನೊಂದಿಗೆ ಆಸ್ಪತ್ರೆಗೆ ಕರೆದೊಯ್ದೆವು, ಚಿಕಿತ್ಸೆ ಆರಂಭವಾಗಿದೆ. ಎರಡು ತಿಂಗಳ ಬಟವಾಡೆ ಬಾಕಿ ಇರುವುದೂ ಗೊತ್ತಾಯಿತು. ಪೊಲೀಸ್ ಕೇಸ್ ಆಗುತ್ತದೆಂದು ಗುತ್ತಿಗೆದಾರರು ಹೆದರಿದ್ದಾರೆ. ಮುಂದೇನು?

ಉತ್ತರ: ಕಾರ್ಮಿಕ ಸಂಘದ ಕಾರ್ಯಕರ್ತೆ

ಮನಸ್ಸಿನ ಸಂಕಟಕ್ಕೆ ಚಿಕಿತ್ಸೆ ಪಡೆಯುವುದು ಅಪರಾಧವಲ್ಲ. ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2021ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ 1,64,033 ಜನರಲ್ಲಿ 42,004 ಮಂದಿ ದಿನಗೂಲಿಯವರು. ಗುತ್ತಿಗೆದಾರರು ಹೆದರಬೇಕಾದದ್ದು ಈ ಸಂಖ್ಯೆಗೆ.

ಬಾಕಿ ಕೂಲಿಯನ್ನು ಈ ವಾರವೇ ಕೊಡಿಸಿ, ಸಂಬಂಧಿಕರ ಎದುರೇ ಲೆಕ್ಕ ಮಾಡಿ. ಅವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿಲ್ಲದಿದ್ದರೆ, ವರ್ಷದಲ್ಲಿ 90 ದಿನ ದುಡಿದಿರುವುದಕ್ಕೆ ಉದ್ಯೋಗ ದೃಢೀಕರಣ ಪತ್ರ ಕೊಡಿಸಿ. ಬಿತ್ತನೆಗೆ ಊರಿಗೆ ಹೋದಾಗ ಔಷಧ ನಿಲ್ಲಬಾರದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ಮನೋಚೈತನ್ಯ ಕಾರ್ಯಕ್ರಮವಿದೆ. ಹೊರಡುವ ಮೊದಲೇ ಅಲ್ಲಿಗೆ ವಿಚಾರಿಸಿ, ಇಲ್ಲಿನ ಚೀಟಿಯ ಪ್ರತಿಯನ್ನು ಅವರ ಕೈಗೆ ಕೊಟ್ಟು ಕಳುಹಿಸಿ.