ಕ್ಲಚ್ ಪ್ಲೇಟ್ ಹೊಸದು, ಆದರೆ ಪೆಡಲ್ ನೆಲ ಮುಟ್ಟಿದರೂ ಕ್ಲಚ್ ಪೂರ್ತಿ ಬಿಡುತ್ತಿಲ್ಲ

ಪ್ರಶ್ನೆ: ನಮ್ಮದು ಹಳೆಯ ಮಾರುತಿ 800, ಕೇಬಲ್ ಕ್ಲಚ್. ಏರಿನಲ್ಲಿ ಇಂಜಿನ್ ಸದ್ದು ಮಾತ್ರ ಏರುತ್ತಿತ್ತು, ಗಾಡಿ ಎಳೆಯುತ್ತಿರಲಿಲ್ಲ. ಹೋದ ವಾರ ಕ್ಲಚ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗ್ ಹೊಸದು ಹಾಕಿಸಿದೆ. ಪ್ರೆಷರ್ ಪ್ಲೇಟ್ ಹಳೆಯದೇ. ಜಾರುವುದು ನಿಂತಿದೆ. ಆದರೆ ಪೆಡಲ್ ಸುಮಾರು ಅರ್ಧದವರೆಗೆ ಸುಮ್ನೆ ಒಳಗೆ ಹೋಗುತ್ತದೆ. ಬಿಡುವಾಗ ನೆಲದ ಹತ್ತಿರವೇ ಗಾಡಿ ಎಳೆಯುತ್ತದೆ. ರಿವರ್ಸ್ ಹಾಕಿದರೆ ಕರ್ರ್ ಅನ್ನುತ್ತದೆ. ಗೇರ್‌ಬಾಕ್ಸ್ ಮತ್ತೆ ಇಳಿಸಬೇಕು ಅಂತಿದ್ದಾರೆ. ಬೇರೆ ದಾರಿ ಇದೆಯಾ?

ಉತ್ತರ: ಈಗಲೇ ಇಳಿಸಬೇಡಿ ಸರ್. ಮೊದಲು ಕೇಬಲ್ ನೋಡಿ.

ಇಂಜಿನ್ ಜೊತೆ ತಿರುಗುವ ಭಾರದ ಚಕ್ರ ಫ್ಲೈವೀಲ್; ಕ್ಲಚ್ ಪ್ಲೇಟನ್ನು ಅದಕ್ಕೆ ಒತ್ತಿ ಹಿಡಿಯುವುದು ಪ್ರೆಷರ್ ಪ್ಲೇಟ್. ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳನ್ನು ಒತ್ತಿ ಆ ಹಿಡಿತ ಬಿಡಿಸುತ್ತದೆ. ಕ್ಲಚ್ ಪ್ಲೇಟ್ ಸವೆದಷ್ಟೂ ಪ್ರೆಷರ್ ಪ್ಲೇಟ್ ಫ್ಲೈವೀಲ್ ಕಡೆಗೆ ಸರಿಯುತ್ತದೆ, ಬೆರಳುಗಳು ರಿಲೀಸ್ ಬೇರಿಂಗ್ ಕಡೆಗೆ ಬರುತ್ತವೆ. ಪೆಡಲ್‌ನ ಫ್ರೀ ಪ್ಲೇ, ಅಂದರೆ ಬೇರಿಂಗ್ ಬೆರಳುಗಳನ್ನು ಮುಟ್ಟುವ ಮುಂಚೆ ಪೆಡಲ್ ಸುಮ್ನೆ ಒಳಗೆ ಹೋಗುವ ದೂರ, ಕಮ್ಮಿಯಾಗುತ್ತಾ ಹೋಗುತ್ತದೆ. ಅದಕ್ಕೇ ಹಳೆಯ ಪ್ಲೇಟ್ ಇದ್ದಾಗ ಕೇಬಲನ್ನು ಆಗಾಗ ಸಡಿಲ ಮಾಡಿರುತ್ತಾರೆ. ಈಗ ದಪ್ಪದ ಹೊಸ ಪ್ಲೇಟ್ ಬಂದಿದೆ, ಬೆರಳುಗಳು ವಾಪಸ್ ಇಂಜಿನ್ ಕಡೆಗೆ ಹೋಗಿವೆ. ಆದರೆ ಕೇಬಲ್ ಬಿಗಿ-ಸಡಿಲ ಮಾಡುವ ನಟ್ ಮಾತ್ರ ಹಳೆಯ ಜಾಗದಲ್ಲೇ ಇದೆ. ಪೆಡಲ್‌ನ ಅರ್ಧ ಓಟ ಆ ಸಡಿಲ ತುಂಬುವುದಕ್ಕೇ ಖರ್ಚಾದರೆ ಕ್ಲಚ್ ಪೂರ್ತಿ ಬಿಡುವುದಾದರೂ ಹೇಗೆ? ನೀವು ಹೇಳಿದ ಲಕ್ಷಣಗಳೆಲ್ಲ ಇದಕ್ಕೇ ಹೊಂದುತ್ತವೆ.

ಗೇರ್‌ಬಾಕ್ಸ್ ಬಳಿ ರಿಲೀಸ್ ಲಿವರ್‌ಗೆ ಕೇಬಲ್ ಸೇರುವಲ್ಲಿ ಅಡ್ಜಸ್ಟಿಂಗ್ ನಟ್ ಇದೆ. ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಪ್ರತಿ ಸಲ ಪೆಡಲನ್ನು ಕೈಯಲ್ಲಿ ಒತ್ತಿ ನೋಡಿ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ 15ರಿಂದ 25 ಮಿ.ಮೀ. ಫ್ರೀ ಪ್ಲೇ ಸಾಕು. ನಿಮ್ಮ ಕಾರಿನ ಪುಸ್ತಕದಲ್ಲಿರುವ ಅಳತೆಯೇ ಕಡೆಯ ಮಾತು. ಪೆಡಲ್ ಚುರುಕಾಗಲಿ ಅಂತ ಫ್ರೀ ಪ್ಲೇ ಪೂರ್ತಿ ತೆಗೆಯಬೇಡಿ. ಬೇರಿಂಗ್ ಸದಾ ಬೆರಳುಗಳಿಗೆ ಒತ್ತಿಕೊಂಡು ತಿರುಗಿದರೆ ಅದೂ ಹಾಳು, ಹೊಸ ಪ್ಲೇಟ್ ಕೂಡ ಜಾರುತ್ತದೆ.

ಆಮೇಲೆ ಇಂಜಿನ್ ಸ್ಲೋನಲ್ಲಿ ಇಟ್ಟು, ಪೆಡಲ್ ಪೂರ್ತಿ ಒತ್ತಿ, ನಾಲ್ಕೈದು ಸೆಕೆಂಡ್ ಕಾದು ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಕೆಲಸ ಮುಗಿದಂತೆ.

ಪ್ರಶ್ನೆ: ನಟ್ ಬಿಗಿ ಮಾಡಿದೆ, ರಿವರ್ಸ್ ಸದ್ದಿಲ್ಲದೆ ಬೀಳುತ್ತಿದೆ. ತುಂಬಾ ಥ್ಯಾಂಕ್ಸ್ ಸರ್! ಆದರೆ ಪೆಡಲ್ ಗಟ್ಟಿ ಅನ್ನಿಸುತ್ತಿದೆ, ಟ್ರಾಫಿಕ್‌ನಲ್ಲಿ ಕಾಲು ನೋಯುತ್ತದೆ. ಹೊಸ ಪ್ಲೇಟ್ ಆದ್ದರಿಂದ ಹೀಗಾ?

ಉತ್ತರ: ಪ್ಲೇಟ್ ಕಾರಣ ಅಲ್ಲ. ಸವೆದ ಪ್ಲೇಟ್ ಇದ್ದಾಗಲೇ ಪೆಡಲ್ ಗಟ್ಟಿಯಾಗುವುದು ಜಾಸ್ತಿ, ಹೊಸದು ಹಾಕಿದರೆ ಹಗುರಾಗಬೇಕು. ಲಿವರ್‌ನಿಂದ ಕೇಬಲ್ ಬಿಚ್ಚಿ, ಒಳಗಿನ ತಂತಿಯನ್ನು ಎಳೆದು ನೋಡಿ. ಬೆಣ್ಣೆಯಂತೆ ಜಾರಬೇಕು. ತಡೆದು ತಡೆದು ಬಂದರೆ, ಎಳೆ ಬಿಟ್ಟಿದ್ದರೆ, ಕೇಬಲನ್ನೇ ಬದಲಿಸಿ. ಗೇರ್‌ಬಾಕ್ಸ್ ಏರಿಸುವಾಗ ಕೇಬಲ್ ಎಲ್ಲಾದರೂ ಸಿಕ್ಕಿಕೊಂಡು ಮಡಚಿದೆಯಾ ಅಂತಲೂ ನೋಡಿ, ಇದನ್ನು ಯಾರೂ ಗಮನಿಸುವುದಿಲ್ಲ. ಕೇಬಲ್ ಬಿಚ್ಚಿದಾಗಲೇ ಲಿವರನ್ನು ಕೈಯಲ್ಲಿ ಅಲ್ಲಾಡಿಸಿ. ಫ್ರೀ ಪ್ಲೇ ಇರುವಷ್ಟು ದೂರ ಅದು ಸಲೀಸಾಗಿ ಆಡದಿದ್ದರೆ ಫೋರ್ಕ್ ಶಾಫ್ಟ್‌ನ (ಲಿವರ್ ಜೊತೆ ತಿರುಗಿ ಬೇರಿಂಗ್ ತಳ್ಳುವ ದಂಡದ) ಬುಶ್ ಒಣಗಿದೆ.

ಕೇಬಲ್, ಲಿವರ್ ಎರಡೂ ಸರಿ ಇದ್ದು ಪೆಡಲ್ ಗಟ್ಟಿಯಾಗಿಯೇ ಇದ್ದರೆ ಆಗ ಹಳೆಯ ಪ್ರೆಷರ್ ಪ್ಲೇಟ್ ಮೇಲೆ ಅನುಮಾನ. ಬೆರಳುಗಳ ತುದಿಯಲ್ಲಿ ಗುಳಿ ಬಿದ್ದಿರಬಹುದು. ಅದನ್ನು ನೋಡಬೇಕಾದರೆ ಮಾತ್ರ ಗೇರ್‌ಬಾಕ್ಸ್ ಇಳಿಸಲೇಬೇಕು. ಹಾಗೆ ಇಳಿಸಿದರೆ ಫ್ಲೈವೀಲ್ ಮೇಲೆ ಸುಟ್ಟ ನೀಲಿ ಕಲೆ ಇದೆಯಾ ಅಂತ ಅದೇ ಕೈಯಲ್ಲಿ ನೋಡಿಸಿಕೊಳ್ಳಿ.

ಪ್ರಶ್ನೆ: ತಂತಿಯಲ್ಲಿ ಮೂರು ಎಳೆ ಕಿತ್ತುಹೋಗಿದ್ದವು. ಹೊಸ ಕೇಬಲ್ ಹಾಕಿದ ಮೇಲೆ ಪೆಡಲ್ ಹಗುರ.

ಉತ್ತರ: ಒಳ್ಳೆಯದಾಯ್ತು. ಹೊಸ ಕೇಬಲ್ ಸ್ವಲ್ಪ ಹಿಗ್ಗುತ್ತದೆ. ಸಾವಿರ ಕಿಲೋಮೀಟರ್ ಆದ ಮೇಲೆ ಫ್ರೀ ಪ್ಲೇ ಇನ್ನೊಮ್ಮೆ ಅಳೆದುಬಿಡಿ.